ಕೊಠಡಿಯ ಸೊಗಸು



ಮನೆಯ ಕೊಠಡಿಗಳನ್ನು ಸೊಗಸಾಗಿ ಅಣಿಗೊಳಿಸುವುದು ಹೇಗೆ ಎಂಬ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಚರಿತ್ರೆಯ ಪಾಠ ಹೇಳುವವನು ಕೈಗೆತ್ತಿಕೊಳ್ಳತಕ್ಕ ವಿಷಯವೇ ಇದು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅರಸರ ಯುದ್ಧಗಳನ್ನೂ ಸಂಧಿಗಳನ್ನೂ ವಿವರಿಸಬೇಕಾದವನಿಗೆ ಕಿಟಕಿ, ಗೋಡೆ, ಮೇಜು, ಕುರ್ಚಿಗಳ ಗೊಡವೆ ಏಕೆ? ಆದರೆ ಮನುಷ್ಯನ ಆಯುಷ್ಯದ ಬಹುಭಾಗವು ಕಳೆಯುವುದು ನಾಲ್ಕು ಗೋಡೆಗಳ ನಡುವೆ. ಆ ಗೋಡೆಗಳು ಹೇಗಿರಬೇಕೆಂಬುದನ್ನು ಮನುಷ್ಯನು ಒಂದೇ ದಿನದಲ್ಲಿ ಕಲಿತವನಲ್ಲ. ತಪ್ಪಿ, ನೊಂದು, ಕೆಲವು ವೇಳೆ ಪ್ರಾಣವನ್ನೇ ತೆತ್ತು ಕಲಿತಿದ್ದಾನೆ. ಆ ಕಲಿಕೆಗೂ ಒಂದು ಚರಿತ್ರೆ ಉಂಟು. ಅದನ್ನು ಬಿಟ್ಟು ಬರಿಯ ಸೂತ್ರಗಳನ್ನು ಒಪ್ಪಿಸಿದರೆ ಅವು ಬಾಯಿಪಾಠವಾಗಿ ಉಳಿಯುವುವೇ ಹೊರತು ಮನೆಗೆ ಇಳಿಯುವುದಿಲ್ಲ.

ಮೊದಲು ನಮ್ಮ ಅಜ್ಜನ ಮನೆಯ ಮಾತು. ಹಳ್ಳಿಯ ತೊಟ್ಟಿಮನೆ ಅದು. ಜಗಲಿಯನ್ನು ದಾಟಿದರೆ ಪಡಸಾಲೆ. ಅಲ್ಲಿ ಬಿಳಿಯ ಗೋಡೆ, ಎಣ್ಣೆ ಕುಡಿದು ಮಿರುಗುವ ಕಂಬಗಳು, ಚೌಕಟ್ಟು ಹಾಕಿದ ದೇವರ ಪಟಗಳು, ಆಳೆತ್ತರದ ಒಂದು ನಿಲುವುಗನ್ನಡಿ. ಕನ್ನಡಿಯನ್ನು ಪಟ್ಟಣದಿಂದ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದ ಕಥೆಯನ್ನು ಅಜ್ಜನವರು ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರೂ ಅದನ್ನು ಕೊಂಡಾಡಿ, ಅದರಲ್ಲಿ ತಮ್ಮ ರುಮಾಲನ್ನು ಸರಿಮಾಡಿಕೊಂಡು ಹೋಗುತ್ತಿದ್ದರು. ಇದೇ ಮನೆಯ ಹಿಂಭಾಗದಲ್ಲಿ ಅಡಿಗೆಮನೆ. ಅಂಗೈಯಗಲದ ಒಂದೇ ಕಿಂಡಿ, ಮಸಿ ಹಿಡಿದ ತೊಲೆ, ಹಗಲಿನಲ್ಲಿಯೂ ಬುಡ್ಡಿದೀಪ. ಬೆಳಗಿನ ಜಾವದಿಂದ ರಾತ್ರಿ ಎಲೆ ಎತ್ತುವವರೆಗೆ ಅಜ್ಜಿ ಅಲ್ಲಿಯೇ ಇದ್ದರು. ಊದುಕೊಳವೆಯಿಂದ ಒಲೆ ಊದಿ ಊದಿ ಅವರಿಗೆ ಕೆಮ್ಮು ಅಂಟಿಕೊಂಡಿತ್ತು. ಕಣ್ಣು ಸದಾ ಕೆಂಪಗಿರುತ್ತಿತ್ತು. ಪಡಸಾಲೆಯ ಕನ್ನಡಿಯ ಮುಂದೆ ಅವರು ನಿಂತುದನ್ನು ನಾನು ಕಂಡ ನೆನಪಿಲ್ಲ.

ಅತಿಥಿಯು ಅರ್ಧ ಗಳಿಗೆ ಕೂತು ಹೋಗುವ ಕೊಠಡಿಗೆ ಮನೆಯ ಹಣವೆಲ್ಲ ಸಂದಿತ್ತು. ಒಂದು ಜೀವವು ತನ್ನ ಆಯುಷ್ಯವನ್ನೇ ಕಳೆದ ಕೊಠಡಿಗೆ ಏನೂ ಸಂದಿರಲಿಲ್ಲ. ಇದು ನಮ್ಮ ಅಜ್ಜನವರೊಬ್ಬರ ತಪ್ಪೆಂದು ನಾನು ಹೇಳುತ್ತಿಲ್ಲ. ಇಡೀ ಲೋಕವೇ ಬಹುಕಾಲ ಹೀಗೆ ನಡೆದುಬಂದಿತು. ಕೊಠಡಿಯನ್ನು ಯಾರ ಅಳತೆಗೆ ಸಜ್ಜುಗೊಳಿಸಬೇಕು, ನೋಡಲು ಬರುವವನ ಅಳತೆಗೋ, ಅದರಲ್ಲಿ ಬಾಳುವವರ ಅಳತೆಗೋ? ಈ ಪ್ರಶ್ನೆಗೆ ಲೋಕವು ಉತ್ತರವನ್ನು ಕಂಡುಕೊಂಡ ಬಗೆಯೇ ಇಂದಿನ ನನ್ನ ವಿಷಯ.

ಪ್ರಾಚೀನರಿಗೆ ಈ ವಿವೇಕ ಇರಲಿಲ್ಲವೆಂದಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನು ತನ್ನ ಗ್ರಂಥದ ಆರನೆಯ ಭಾಗದಲ್ಲಿ, ಯಾವ ಕೊಠಡಿ ಯಾವ ದಿಕ್ಕಿಗೆ ಮುಖ ಮಾಡಿರಬೇಕೆಂಬುದನ್ನು ಚರ್ಚಿಸಿದ್ದಾನೆ. ಶಯನಗೃಹವೂ ಗ್ರಂಥಶಾಲೆಯೂ ಪೂರ್ವಕ್ಕೆ ಇರಲಿ. ಬೆಳಗಿನ ಬೆಳಕು ಅಲ್ಲಿ ಬೇಕು, ಪುಸ್ತಕಗಳಿಗೆ ತೇವವೂ ಹುಳುವೂ ತಗಲವು ಎನ್ನುತ್ತಾನೆ. ಚಿತ್ರಕಾರರೂ ಕಸೂತಿಯ ನೇಕಾರರೂ ಕೆಲಸಮಾಡುವ ಕೊಠಡಿ ಉತ್ತರಕ್ಕೆ ಇರಲಿ. ಅಲ್ಲಿಯ ಬೆಳಕು ದಿನವೆಲ್ಲ ಒಂದೇ ಸಮನಾಗಿರುವುದರಿಂದ ಬಣ್ಣಗಳು ಮೋಸಮಾಡವು ಎಂಬುದು ಆತನ ಮತ. ಅಡಿಗೆಮನೆಗೆ ಆಗ್ನೇಯ ಮೂಲೆ ಎಂದು ನಮ್ಮ ಹಿರಿಯರು ವಿಧಿಸಿದುದನ್ನು ನೀವೆಲ್ಲರೂ ಕೇಳಿದ್ದೀರಿ. ಇಲ್ಲೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಕೊಠಡಿಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಾರೆ? ಉಪಯೋಗವು ಮೊದಲು, ಅಲಂಕಾರವು ಅನಂತರ. ಒಳಾಂಗಣದ ಶಾಸ್ತ್ರಕ್ಕೆ ಇದು ಮೊದಲನೆಯ ಸೂತ್ರ.

ಈ ಸೂತ್ರವನ್ನು ಜನ ಸಂಪೂರ್ಣವಾಗಿ ಮರೆತ ಕಾಲವೊಂದು ಬಂತು. ಅದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು. ಯಂತ್ರಗಳು ಬಂದುವು; ಕೈಯಿಂದ ತಿಂಗಳುಗಟ್ಟಲೆ ಮಾಡುತ್ತಿದ್ದ ಸಾಮಾನು ದಿನವೊಂದಕ್ಕೆ ನೂರಾರು ಹೊರಬೀಳತೊಡಗಿದುವು. ಮಧ್ಯಮ ವರ್ಗದವರ ಕೈಯಲ್ಲಿ ಹಣವಾಡಿತು. ಹಣವುಂಟೆಂಬುದನ್ನು ತೋರಿಸಲು ಮನೆಯ ಮುಂಗೊಠಡಿಗಿಂತ ಬೇರೆ ಸ್ಥಳ ಯಾವುದಿದೆ? ಕಿಟಕಿಗೆ ಎರಡೆರಡು ಪದರ ದಪ್ಪನೆಯ ಪರದೆ, ನೆಲಕ್ಕೆ ರತ್ನಗಂಬಳಿ, ಮೇಜಿಗೆ ಮಖಮಲ್ಲಿನ ಹೊದಿಕೆ, ಅದರ ಮೇಲೆ ಗಾಜಿನ ಬುರುಡೆಯೊಳಗೆ ಮೇಣದ ಹಣ್ಣುಗಳು. ಹೀಗೆ ಕಾಲಿಡಲು ಎಡೆಯಿಲ್ಲದಂತೆ ಕೊಠಡಿಗಳು ತುಂಬಿಹೋದುವು.

೧೮೫೧ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ ಗಾಜಿನ ಅರಮನೆಯಲ್ಲಿ ಮಹಾಪ್ರದರ್ಶನವೊಂದು ನಡೆಯಿತು. ಐದೂವರೆ ತಿಂಗಳಲ್ಲಿ ಸುಮಾರು ೬೦ ಲಕ್ಷ ಜನ ಬಂದು ನೋಡಿದರು. ಯಂತ್ರಗಳ ಪ್ರತಾಪವನ್ನು ಕಂಡು ಲೋಕ ಬೆರಗಾಯಿತು. ಆದರೆ ಹೆನ್ರಿ ಕೋಲ್, ರಿಚರ್ಡ್ ರೆಡ್‌ಗ್ರೇವ್, ಓವೆನ್ ಜೋನ್ಸ್ ಮೊದಲಾದ ಕೆಲವು ವಿಚಾರವಂತರು ತಮ್ಮ ದೇಶದ ಗೃಹೋಪಕರಣಗಳನ್ನು ನೋಡಿ ತಲೆ ತಗ್ಗಿಸಿದರು. ಅವರ ಕಣ್ಣಿಗೆ ಹಿತವಾಗಿ ಕಂಡವುಗಳಲ್ಲಿ ಹಿಂದೂದೇಶದಿಂದ ಹೋಗಿದ್ದ ಬಟ್ಟೆಗಳೂ ಕುಸುರಿಯ ಸಾಮಾನುಗಳೂ ಸೇರಿದ್ದುವು. ನಮ್ಮ ನೇಕಾರನು ಬಟ್ಟೆಯ ಮೇಲೆ ಹೂವನ್ನು ತೋರಿಸಬೇಕಾದರೆ ಅದನ್ನು ಬಟ್ಟೆಗೆ ತಕ್ಕಂತೆ ಚಪ್ಪಟೆಯಾಗಿ, ಸಮವಾದ ಎಡೆಬಿಟ್ಟು ಬಿಡಿಸಿದ್ದನು. ಇಂಗ್ಲೆಂಡಿನ ಕಾರ್ಖಾನೆಯವನು ನೆರಳು ಬೆಳಕುಗಳನ್ನು ಹಾಕಿ, ಹೂವು ನಿಜವಾಗಿ ಉಬ್ಬಿ ನಿಂತಂತೆ ಕಾಣಿಸುತ್ತಿದ್ದನು. ಪ್ರದರ್ಶನವು ಮುಗಿದಮೇಲೆ ಭಾರತೀಯ ವಸ್ತುಗಳಲ್ಲಿ ಹಲವನ್ನು ಸರಕಾರದ ಹಣದಿಂದ ಕೊಂಡು, ವಿದ್ಯಾರ್ಥಿಗಳು ನೋಡಿ ಕಲಿಯಲೆಂದು ಹೊಸ ವಸ್ತುಸಂಗ್ರಹಾಲಯದಲ್ಲಿಟ್ಟರು. ಮುಂದೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ಹೆಸರಾದುದು ಇದೇ ಸಂಗ್ರಹಾಲಯ.

ಕೋಲನು ೧೮೫೨ರಲ್ಲಿ ಅದೇ ಸಂಗ್ರಹಾಲಯದೊಳಗೆ ಒಂದು ತಮಾಷೆಯ ಕೆಲಸ ಮಾಡಿದನು. ಹೇಗಿರಬಾರದು ಎಂಬುದನ್ನು ತೋರಿಸಲು ಕೆಟ್ಟ ಸಾಮಾನುಗಳನ್ನೇ ಒಂದೆಡೆ ಜೋಡಿಸಿಟ್ಟನು. ಜನ ಅದಕ್ಕೆ 'ಭಯಂಕರಗಳ ಕೊಠಡಿ' ಎಂದು ಅಡ್ಡಹೆಸರಿಟ್ಟರು. ದಿಟವಾದ ಹೂಗಳಂತೆ ಕಾಣುವ ಹೂಗಳನ್ನು ಹೆಣೆದ ನೆಲಗಂಬಳಿ ಅಲ್ಲಿತ್ತು. ಹೂವನ್ನು ಯಾರಾದರೂ ತುಳಿಯುವರೆ ಎಂಬುದು ಆಕ್ಷೇಪಣೆ. ಹಾಗೆಯೇ ಗೋಡೆಯ ಕಾಗದದ ಮೇಲೆ ಕಟ್ಟಡಗಳ, ರೈಲುನಿಲ್ದಾಣಗಳ ಚಿತ್ರ. ಗೋಡೆಯು ಚಪ್ಪಟೆ, ಅದರಲ್ಲಿ ತೂತು ಕೊರೆದು ಬೇರೊಂದು ಲೋಕವನ್ನು ತೋರಿಸಿದರೆ, ಕೊಠಡಿಯೊಳಗೆ ಕುಳಿತವನ ಕಣ್ಣಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ತಮ್ಮ ಸಾಮಾನನ್ನು ಹೀಗೆ ಹಂಗಿಸಿದುದಕ್ಕೆ ಕಾರ್ಖಾನೆದಾರರು ಸಿಟ್ಟಾದರು. ಕೊಠಡಿಯನ್ನು ಬೇಗನೆ ಮುಚ್ಚಬೇಕಾಯಿತು. ಆದರೆ ಒಂದು ಸೂತ್ರ ಉಳಿಯಿತು: ವಸ್ತುವು ತಾನು ಏನಾಗಿದೆಯೋ ಅದಾಗಿಯೇ ಕಾಣಬೇಕು, ಗೋಡೆ ಗೋಡೆಯಾಗಿ, ನೆಲ ನೆಲವಾಗಿ, ಮರ ಮರವಾಗಿ. ಓವೆನ್ ಜೋನ್ಸನು ೧೮೫೬ರಲ್ಲಿ ಪ್ರಕಟಿಸಿದ ಅಲಂಕಾರದ ವ್ಯಾಕರಣವೆಂಬ ದೊಡ್ಡ ಗ್ರಂಥದ ಆದಿಯಲ್ಲಿ ೩೭ ನಿಯಮಗಳನ್ನು ಹೇಳಿ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟನು.

ಇಷ್ಟರವರೆಗೆ ಹೇಳಿದುದು ಕಣ್ಣಿನ ನೋವು. ಇನ್ನು ಮುಂದಿನದು ಪ್ರಾಣದ ಮಾತು.

ಇಂಗ್ಲೆಂಡಿನಲ್ಲಿ ಗೋಡೆಗೆ ಅಂಟಿಸುವ ಚಿತ್ರಕಾಗದದ ಮೇಲೆ ೧೭೧೨ರಿಂದ ತೆರಿಗೆ ಇತ್ತು. ೧೮೩೬ರಲ್ಲಿ ಅದನ್ನು ತೆಗೆದುಹಾಕಿದರು. ಸ್ವಲ್ಪ ಕಾಲದಲ್ಲಿಯೇ ಯಂತ್ರದಿಂದ ಅಚ್ಚುಹಾಕುವುದೂ ಬಳಕೆಗೆ ಬಂತು. ಕಾಗದ ಅಗ್ಗವಾಗಿ ಬಡವರ ಮನೆಯ ಗೋಡೆಯನ್ನೂ ಏರಿತು. ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ ಬಣ್ಣವೆಂದರೆ ಎಳೆಹುಲ್ಲಿನಂಥ ಹೊಳೆಯುವ ಹಸುರು. ಕಾರ್ಖಾನೆಯ ಹೊಗೆಯಿಂದ ಕಪ್ಪಾದ ಊರುಗಳಲ್ಲಿ ಗಿಡಮರಗಳನ್ನು ಕಾಣದ ಜನಕ್ಕೆ ಆ ಹಸುರು ಎಷ್ಟು ಪ್ರಿಯವಾಗಿದ್ದಿರಬೇಕು! ಆದರೆ ಆ ಬಣ್ಣದ ಮೂಲ ಯಾವುದು? ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಎಂಬುವನು ೧೭೭೫ರಲ್ಲಿ ತಾಮ್ರವನ್ನೂ ಪಾಷಾಣವನ್ನೂ ಕೂಡಿಸಿ ಅದನ್ನು ಮಾಡಿದ್ದನು. ಇಲಿಗೆ ಇಡುವ ಪಾಷಾಣವೇ ಅದು. ಅದಕ್ಕಿಂತ ಮನೋಹರವಾದ ಇನ್ನೊಂದು ಪಾಷಾಣದ ಹಸುರು ೧೮೧೪ರ ಹೊತ್ತಿಗೆ ಜರ್ಮನಿಯಿಂದ ಬಂದಿತು. ಗೋಡೆಯಿಂದ ಬಣ್ಣದ ಪುಡಿ ಉದುರಿ ಉಸಿರಿನಲ್ಲಿ ಸೇರುತ್ತಿತ್ತು. ತೇವ ಹಿಡಿದ ಗೋಡೆಯಲ್ಲಿ ಕಾಗದಕ್ಕೆ ಬೂಷ್ಟು ಬಂದರೆ ಅದು ಪಾಷಾಣವನ್ನು ಅನಿಲವಾಗಿ ಮಾರ್ಪಡಿಸುತ್ತದೆಂಬುದನ್ನು ಇಟಲಿಯ ಗೋಸಿಯೋ ಎಂಬ ವೈದ್ಯನು ಆ ಶತಮಾನದ ಕೊನೆಯ ದಶಕದಲ್ಲಿ ತೋರಿಸಿಕೊಟ್ಟನು. ಪುಡಿಯ ಪಾಲೆಷ್ಟು, ಅನಿಲದ ಪಾಲೆಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಭಿನ್ನಾಭಿಪ್ರಾಯವುಂಟು. ಗೋಡೆಯಲ್ಲಿ ವಿಷವಿದ್ದುದರಲ್ಲಿ ಮಾತ್ರ ಸಂಶಯವಿಲ್ಲ.

೧೮೬೨ರಲ್ಲಿ ಲಂಡನ್ನಿನ ಲೈಮ್‌ಹೌಸ್ ಎಂಬ ಕೇರಿಯಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗಂಟಲಮಾರಿಯಿರಬೇಕೆಂದು ಮೊದಲು ಬಗೆದರು. ಆದರೆ ನೆರೆಹೊರೆಯಲ್ಲಿ ಯಾರಿಗೂ ಆ ಬೇನೆ ತಗಲಲಿಲ್ಲ. ನೀರು, ಮೋರಿ ಎಲ್ಲವನ್ನೂ ನೋಡಿದ ವೈದ್ಯನ ಕಣ್ಣು ಕೊನೆಗೆ ಮಕ್ಕಳ ಕೊಠಡಿಯ ಹಸುರು ಕಾಗದದ ಮೇಲೆ ಬಿತ್ತು. ಪರೀಕ್ಷಿಸಿದಾಗ ಅದರಲ್ಲಿ ಪಾಷಾಣ ಸಿಕ್ಕಿತು. ಮಕ್ಕಳ ಮಲಗುವ ಮನೆ ಚೆನ್ನಾಗಿರಲಿ ಎಂದಲ್ಲವೆ ಆ ತಂದೆತಾಯಿಗಳು ಅದನ್ನು ಅಂಟಿಸಿದ್ದುದು!

ಈ ಕಥೆಯೊಡನೆ ಒಬ್ಬ ಮಹಾಪುರುಷನ ಹೆಸರೂ ಹೆಣೆದುಕೊಂಡಿದೆ. ವಿಲಿಯಂ ಮಾರಿಸ್ ಕವಿ, ಕುಶಲಕರ್ಮಿ, ಸಮಾಜವಾದಿ. ತನಗಾಗಿ ೧೮೫೯ರಲ್ಲಿ ಮನೆಯೊಂದನ್ನು ಕಟ್ಟಿಸಲು ಹೊರಟಾಗ, ಅದಕ್ಕೆ ತಕ್ಕ ಸಾಮಾನು ಅಂಗಡಿಗಳಲ್ಲಿ ಕಾಣದೆ ಗೆಳೆಯರೊಡನೆ ತಾನೇ ಮಾಡಲು ತೊಡಗಿದವನು. ೧೮೬೧ರಲ್ಲಿ ಇದಕ್ಕಾಗಿಯೇ ಪಾಲುಗಾರರೊಡನೆ ಒಂದು ಸಂಸ್ಥೆಯನ್ನು ಕಟ್ಟಿದನು. ಉಪಯೋಗಕ್ಕೂ ಬಾರದ, ಸೊಗಸೂ ಇಲ್ಲದ ಸಾಮಾನಿಗೆ ಮನೆಯೊಳಗೆ ಎಡೆಗೊಡಬಾರದೆಂದು ಆತನು ೧೮೮೦ರ ಉಪನ್ಯಾಸವೊಂದರಲ್ಲಿ ಬೋಧಿಸಿದುದು ಲೋಕಪ್ರಸಿದ್ಧವಾಗಿದೆ. ಆದರೆ ಆತನ ತಂದೆಯ ಐಶ್ವರ್ಯ ಬಂದುದು ಡೆವನ್ ಪ್ರಾಂತದ ತಾಮ್ರದ ಗಣಿಯಿಂದ. ಆ ಗಣಿಯು ಮುಂದೆ ಪಾಷಾಣದ ದೊಡ್ಡ ಉತ್ಪಾದಕವಾಯಿತು. ಮಾರಿಸನೂ ೧೮೭೧ರಿಂದ ೧೮೭೫ರವರೆಗೆ ಅದರ ನಿರ್ದೇಶಕನಾಗಿದ್ದನು. ಆತನ ಮೊದಮೊದಲಿನ ಕಾಗದವೊಂದರ ಹಸುರಿನಲ್ಲಿ ಪಾಷಾಣವಿದ್ದುದನ್ನು ೨೦೦೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಕಾಗದದಿಂದ ವಿಷವೇರುವುದೆಂಬುದನ್ನು ಆತನು ನಂಬಿರಲೇ ಇಲ್ಲ. ನಾನು ಇದನ್ನು ಹೇಳಿದುದು ಆತನನ್ನು ಹಳಿಯುವುದಕ್ಕಲ್ಲ. ಅಷ್ಟು ಸೂಕ್ಷ್ಮವಾದ ಕಣ್ಣುಳ್ಳವನು ಕೂಡ, ಗೋಡೆಯನ್ನು ನೋಡುವವನ ಸ್ಥಾನದಲ್ಲಿ ನಿಂತು ಯೋಚಿಸಿದಷ್ಟು, ಗೋಡೆಯ ಬಳಿ ಮಲಗಿ ಉಸಿರಾಡುವವರ ಸ್ಥಾನದಲ್ಲಿ ನಿಂತು ಯೋಚಿಸಲಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಕಾಗದವನ್ನು ನಿಷೇಧಿಸುವ ಕಾನೂನು ಬರಲೇ ಇಲ್ಲ. ಜನರೇ ಹೆದರಿ ಕೊಳ್ಳುವುದನ್ನು ಬಿಟ್ಟರು, ಕಾರ್ಖಾನೆಗಳು ತಾವಾಗಿಯೇ ಬಣ್ಣ ಬದಲಾಯಿಸಿದುವು.

ಕೊಠಡಿಯನ್ನು ಮಲಗಿದವರ ಕಣ್ಣಿನಿಂದ ನೋಡಿದವರಲ್ಲಿ ಮೊದಲಿಗಳೆಂದು ನಾನು ಎಣಿಸುವುದು ಫ್ಲಾರೆನ್ಸ್ ನೈಟಿಂಗೇಲಳನ್ನು. ಕ್ರಿಮಿಯಾ ಯುದ್ಧದಲ್ಲಿ, ೧೮೫೪ರಲ್ಲಿ, ಆಕೆ ಸ್ಕುಟಾರಿಯ ಆಸ್ಪತ್ರೆಗೆ ಹೋದಾಗ ಗಾಯಕ್ಕಿಂತ ರೋಗದಿಂದ ಸಾಯುವ ಸಿಪಾಯಿಗಳೇ ಹೆಚ್ಚಾಗಿದ್ದರು. ಮರುವರ್ಷ ನೈರ್ಮಲ್ಯಾಧಿಕಾರಿಗಳು ಬಂದು ಮೋರಿಗಳನ್ನು ಶುಚಿಮಾಡಿ ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ಗಣನೀಯವಾಗಿ ಇಳಿಯಿತು. ಈ ಅನುಭವದಿಂದ ಆಕೆ ಬರೆದ ಶುಶ್ರೂಷೆಯ ಪುಸ್ತಕವು ೧೮೬೦ರ ಹೊತ್ತಿಗೆ ಜನರ ಕೈಸೇರಿತು. ಅದು ದಾದಿಯರಿಗಾಗಿ ಮಾತ್ರ ಬರೆದುದಲ್ಲ, ಮನೆ ನಡೆಸುವ ಪ್ರತಿಯೊಬ್ಬ ಹೆಂಗಸಿಗಾಗಿ ಬರೆದುದು. ರೋಗಿಗೆ ಮೊದಲು ಬೇಕಾದುದು ಶುದ್ಧವಾದ ಗಾಳಿ, ಅದರ ಅನಂತರ ಬೆಳಕು, ಅದೂ ನೇರವಾದ ಬಿಸಿಲು ಎನ್ನುತ್ತಾಳೆ. ಹಾಸಿಗೆಯಲ್ಲಿದ್ದವನಿಗೆ ಕಿಟಕಿಯಿಂದ ಹೊರಗಿನದು ಕಾಣಬೇಕು. ಬಣ್ಣ ಆಕಾರಗಳ ವೈವಿಧ್ಯವು ಮನಸ್ಸನ್ನು ಮಾತ್ರವಲ್ಲದೆ ದೇಹವನ್ನೂ ಚೇತರಿಸುತ್ತದೆ ಎಂಬುದು ಆಕೆಯ ಅನುಭವ. ಗೋಡೆಗಳ ವಿಚಾರದಲ್ಲಿ ಆಕೆಯ ತೀರ್ಪು ನಿಷ್ಠುರವಾದುದು. ಕಾಗದ ಅಂಟಿಸಿದ ಗೋಡೆ ಎಲ್ಲಕ್ಕಿಂತ ಕೆಟ್ಟದ್ದು. ಗಾರೆಯ ಗೋಡೆಯೂ ಒಳ್ಳೆಯದಲ್ಲ, ಆದರೆ ಪದೇಪದೇ ಸುಣ್ಣ ಬಳಿದರೆ ಅದನ್ನು ನೇರ್ಪಡಿಸಬಹುದು.

ಸುಣ್ಣ! ಹಬ್ಬ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲ ಕೆಲಸ ಅದೇ ಅಲ್ಲವೆ? ಸಾಮಾನೆಲ್ಲ ಅಂಗಳಕ್ಕೆ ಬರುವುದು, ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ನೆಲಕ್ಕೆ ಸಾರಣೆ. ಆ ಬಿಳುಪು ಗೋಡೆಗೆ ಬರಿಯ ಅಲಂಕಾರವಾಗಿರಲಿಲ್ಲ. ಹೊರಗಿನಿಂದ ಬಂದ ಅಲ್ಪ ಬೆಳಕನ್ನು ಒಳಗೆಲ್ಲ ಹರಡುತ್ತಿತ್ತು, ಕ್ರಿಮಿಗಳನ್ನೂ ದೂರವಿಡುತ್ತಿತ್ತು. ಆದರೆ ಸುಣ್ಣವೊಂದರಿಂದಲೇ ಎಲ್ಲವೂ ಆಗುವುದಿಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ, ಗಾಳಿಬೆಳಕು ಕಾಣದ ಮನೆಗಳ ಸ್ಥಿತಿ ಸರಕಾರದ ಕಣ್ಣಿಗೆ ಬಿತ್ತು. ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಅಗಲವಾದ ಬೀದಿ, ಮನೆಯ ಸುತ್ತ ಬಯಲು ಎಂಬ ಕ್ರಮದಲ್ಲಿ ಬೆಳೆದುದಕ್ಕೆ ಆ ಭೀತಿಯೂ ಒಂದು ಕಾರಣ. ಕಿಟಕಿಯ ಬೆಲೆಯನ್ನು ನಾವೂ ಸಾವಿನಿಂದಲೇ ಕಲಿತೆವು.

ಮಕ್ಕಳನ್ನೂ ರೋಗಿಗಳನ್ನೂ ನೋಡಿದೆವು. ಇನ್ನು ಅಡಿಗೆಮನೆಯಲ್ಲಿರುವವಳ ಸರದಿ. ಒಂದನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ಮನೆಗಳಿಗೆ ಬಹಳ ಅಭಾವವಾಯಿತು. ಫ್ರಾಂಕ್‌ಫರ್ಟ್ ನಗರದ ವಾಸ್ತುಶಿಲ್ಪಿ ಎರ್ನ್ಸ್ಟ್ ಮೈ ೧೯೨೫ರಿಂದ ಕೆಲಸಗಾರರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿಸತೊಡಗಿದನು. ಅವುಗಳ ಅಡಿಗೆಮನೆಯನ್ನು ರೂಪಿಸುವ ಕೆಲಸವನ್ನು ವಿಯೆನ್ನಾದಿಂದ ಬಂದ ಮಾರ್ಗರೇಟ್ ಲಿಹೊಟ್ಸ್‌ಕಿ ಎಂಬ ತರುಣಿ ವಹಿಸಿಕೊಂಡಳು. ಆಕೆ ೧೯೨೬ರಲ್ಲಿ ಸಿದ್ಧಪಡಿಸಿದ ಅಡಿಗೆಮನೆಯ ಅಗಲ ೧.೯ ಮೀಟರು, ಉದ್ದ ೩.೪ ಮೀಟರು ಮಾತ್ರ. ರೈಲುಗಾಡಿಯ ಊಟದ ಡಬ್ಬಿಯಲ್ಲಿ ಅಷ್ಟು ಚಿಕ್ಕ ಜಾಗದಿಂದ ಅಷ್ಟು ಜನಕ್ಕೆ ಅಡಿಗೆಯಾಗುವುದಾದರೆ ಮನೆಯಲ್ಲಿ ಏಕಾಗದು ಎಂಬುದು ಆಕೆಯ ತರ್ಕ.

ಆಕೆ ಮಾಡಿದುದೇನು? ಹೆಂಗಸು ಒಂದು ಊಟವನ್ನು ಸಿದ್ಧಪಡಿಸುವಾಗ ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಷ್ಟು ಸಲ ಬಗ್ಗುತ್ತಾಳೆ, ಯಾವುದಕ್ಕಾಗಿ ಎಲ್ಲಿಗೆ ಕೈ ಚಾಚುತ್ತಾಳೆ ಎಂಬುದನ್ನು ಲೆಕ್ಕಹಾಕಿದಳು. ಹೆಚ್ಚುವ ಮೇಜನ್ನು ಕಿಟಕಿಯ ಕೆಳಗೇ ಇಟ್ಟಳು. ಬೆಳಕು ಕೈಮೇಲೆ ಬೀಳಬೇಕು. ಕೂತು ಕೆಲಸಮಾಡಲು ತಿರುಗುವ ಪೀಠವನ್ನಿಟ್ಟಳು. ಅಕ್ಕಿ, ಸಕ್ಕರೆ, ಬೇಳೆಗಳಿಗೆ ಹಿಡಿಯುಳ್ಳ ಅಲ್ಯೂಮಿನಿಯಂ ಖಾನೆಗಳು; ಎಳೆದು ಹಾಗೆಯೇ ಪಾತ್ರೆಗೆ ಸುರಿಯಬಹುದು. ಹಿಟ್ಟಿನ ಖಾನೆ ಮಾತ್ರ ಓಕ್ ಮರದ್ದು, ಏಕೆಂದರೆ ಆ ಮರದ ಒಗರಿಗೆ ಹುಳು ಬರುವುದಿಲ್ಲ. ನೊಣಗಳು ಕೂರಲಾರವೆಂಬ ನಂಬಿಕೆಯಿಂದ ಮರಗೆಲಸಕ್ಕೆ ನೀಲಿಹಸುರು ಬಣ್ಣ. ಇಂಥ ಅಡಿಗೆಮನೆಗಳು ಸುಮಾರು ೧೦,೦೦೦ ಆದುವು. ಇಂದು ಪಟ್ಟಣದ ಮನೆಗಳಲ್ಲಿ ಕಾಣುವ ಸೊಂಟದೆತ್ತರದ ಕಟ್ಟೆ, ಗೋಡೆಯುದ್ದದ ಕಪಾಟುಗಳಿಗೆ ಇದು ಮೂಲಪುರುಷ ಎನ್ನಬಹುದು.

ಆದರೆ ಇದರಲ್ಲಿಯೂ ಒಂದು ಕೊರತೆ ಉಳಿಯಿತು. ಒಬ್ಬಳು ನಿಂತರೆ ಇನ್ನೊಬ್ಬರಿಗೆ ಅಲ್ಲಿ ಎಡೆಯಿಲ್ಲ. ಮೊದಲು ಒಲೆಯ ಸುತ್ತ ಮನೆಮಂದಿಯೆಲ್ಲ ಕೂಡುತ್ತಿದ್ದರು. ಈಗ ಹೆಂಗಸು ಒಂಟಿಯಾದಳು, ಕೈಯಿಕ್ಕಲು ಬಂದ ಮಗಳಿಗೂ ಜಾಗವಿಲ್ಲದಾಯಿತು ಎಂದು ಮುಂದಿನವರು ದೂರಿದರು. ಆ ಅಡಿಗೆಮನೆಯನ್ನು ರೂಪಿಸುವುದಕ್ಕೆ ಮೊದಲು ತಾನು ಅಡಿಗೆ ಮಾಡಿದವಳೇ ಅಲ್ಲವೆಂದು ಲಿಹೊಟ್ಸ್‌ಕಿಯೂ ಮುಪ್ಪಿನಲ್ಲಿ ಒಪ್ಪಿಕೊಂಡಳು. ಗಡಿಯಾರದಿಂದ ಅಳೆದುದು ಸರಿಯೇ. ಆದರೆ ಗಡಿಯಾರಕ್ಕೆ ಸಿಕ್ಕದ ಕೆಲವು ಅಳತೆಗಳೂ ಉಂಟು. ಅದನ್ನು ಕೇಳಿ ತಿಳಿಯಬೇಕು, ಅದರಲ್ಲಿ ಬಾಳುವವರ ಬಾಯಿಂದಲೇ.

ಹಾಗೆ ತಿಳಿದು ಮಾಡಿದ ಕೊಠಡಿಯೊಂದನ್ನು ಹೇಳಿ ಈ ಚರಿತ್ರೆಯನ್ನು ಮುಗಿಸುತ್ತೇನೆ. ಫಿನ್ಲೆಂಡಿನ ಪೈಮಿಯೋ ಎಂಬಲ್ಲಿ ಆಲ್ವಾರ್ ಆಲ್ಟೊ ತನ್ನ ಪತ್ನಿ ಐನೊ ಅವರ ಸಹಕಾರದಿಂದ ಕಟ್ಟಿದ ಕ್ಷಯರೋಗಿಗಳ ಆರೋಗ್ಯಧಾಮವು ೧೯೩೩ರಲ್ಲಿ ಪೂರ್ಣವಾಯಿತು. ಆ ಕಾಲದಲ್ಲಿ ಕ್ಷಯಕ್ಕೆ ತಕ್ಕ ಔಷಧಿ ಇರಲಿಲ್ಲ. ಗಾಳಿ, ಬಿಸಿಲು, ವಿಶ್ರಾಂತಿಗಳೇ ಔಷಧಿ. ತಾನೇ ಕಾಯಿಲೆ ಬಿದ್ದು ಮಲಗಿದ್ದಾಗ, ಕೊಠಡಿಗಳನ್ನೆಲ್ಲ ನಿಂತವರಿಗಾಗಿ ಕಟ್ಟಿರುವರೇ ಹೊರತು ಮಲಗಿದವರಿಗಾಗಿ ಅಲ್ಲ ಎಂಬುದು ಹೊಳೆಯಿತೆಂದು ಆಲ್ಟೊ ಮುಂದೆ ಹೇಳಿಕೊಂಡಿದ್ದಾನೆ. ಮಲಗಿದವನಿಗೆ ಸದಾ ಕಾಣುವುದು ಗೋಡೆಯಲ್ಲ, ಮಾಳಿಗೆ. ಆದುದರಿಂದ ಮಾಳಿಗೆಗೆ ಕಣ್ಣು ಕುಕ್ಕುವ ಬಿಳಿಯ ಬದಲು ತಂಪಾದ ಹಸುರು ಬಳಿಸಿದನು. ಈ ಹಸುರಿನಿಂದ ಯಾರಿಗೂ ಕೇಡಾಗಲಿಲ್ಲ. ದೀಪವು ರೋಗಿಯ ಕಣ್ಣಿಗೆ ನೇರವಾಗಿ ಬೀಳದಂತೆ ಇಡಿಸಿದನು. ಶಾಖವು ತಲೆಗೆ ತಗಲದೆ ಕಾಲ ಕಡೆಗೆ ಬೀಳುವಂತೆ ಮಾಡಿದನು. ಒಬ್ಬನು ರಾತ್ರಿಯಲ್ಲಿ ಕೈತೊಳೆದರೆ ಪಕ್ಕದ ಹಾಸಿಗೆಯವನು ಎಚ್ಚರಗೊಳ್ಳಬಾರದೆಂದು, ನೀರು ಬಿದ್ದ ಸದ್ದೇ ಆಗದಂತೆ ಬೋಗುಣಿಯ ಇಳಿಜಾರನ್ನು ತಿದ್ದಿದನು. ರೋಗಿಗಳು ಕೂರಲು ಬರ್ಚ್ ಮರದ ತೆಳುಹಲಗೆಗಳನ್ನು ಅಂಟಿಸಿ ಬಾಗಿಸಿದ ಕುರ್ಚಿಯನ್ನು ರೂಪಿಸಿದನು. ಒರಗಿದಾಗ ಉಸಿರಾಟ ಸುಲಭವಾಗಲೆಂದು ಅದರ ಬೆನ್ನಿನ ಓಲುವಿಕೆ. ಆ ಕುರ್ಚಿಯನ್ನು ಇಂದು ಲೋಕದ ವಸ್ತುಸಂಗ್ರಹಾಲಯಗಳಲ್ಲಿ ಸೌಂದರ್ಯಕ್ಕಾಗಿ ಇಟ್ಟಿದ್ದಾರೆ. ಆದರೆ ಅದರ ಸೌಂದರ್ಯವು ಹುಟ್ಟಿದುದು ಒಬ್ಬ ರೋಗಿಯ ಉಸಿರಿನಿಂದ ಎಂಬುದನ್ನು ಮರೆಯಬಾರದು.

ಕೇಳುಗ ಮಿತ್ರರೆ, ಈ ಚರಿತ್ರೆಯಿಂದ ನಮ್ಮ ಮನೆಗೆ ಬೇಕಾದುದನ್ನು ಆರಿಸಿಕೊಳ್ಳೋಣ. ಕೊಠಡಿಯಲ್ಲಿ ಏನು ನಡೆಯುತ್ತದೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಸಾಮಾನಿನ ಮಾತೆತ್ತಬೇಕು. ಬೆಳಕು ಕೆಲಸದ ಮೇಲೆ ಬೀಳುವಂತೆ, ಕಣ್ಣಿನಲ್ಲಿ ಬೀಳದಂತೆ ಇರಬೇಕು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ನಡೆದಾಡುವ ದಾರಿಗೆ ಯಾವ ಸಾಮಾನೂ ಅಡ್ಡಬರಬಾರದು. ದಿನವೂ ಬೇಕಾದುದು ಕೈಯಳತೆಯಲ್ಲಿಯೂ, ಹಬ್ಬಕ್ಕೆ ಬೇಕಾದುದು ಅಟ್ಟದಲ್ಲಿಯೂ ಇರಬೇಕು. ಗೋಡೆಯ ಬಣ್ಣ ತಿಳಿಯಾಗಿರಲಿ. ಎದ್ದು ಕಾಣುವ ಬಣ್ಣವನ್ನು ಒಂದು ದಿಂಬಿಗೋ ಒಂದು ಜಮಖಾನಕ್ಕೋ ಮೀಸಲಿಟ್ಟರೆ ಅದಕ್ಕೆ ಮರ್ಯಾದೆ. ಹತ್ತು ಪಟಗಳಿರುವ ಗೋಡೆಯಲ್ಲಿ ಒಂದೂ ಕಾಣುವುದಿಲ್ಲ. ಒಂದಿದ್ದರೆ ಅದು ಕಾಣುತ್ತದೆ. ಬರಿದಾದ ಜಾಗವು ದಾರಿದ್ರ್ಯವಲ್ಲ, ಅದೂ ಒಂದು ಸಜ್ಜು. ಇವೆಲ್ಲಕ್ಕೂ ತಾಯಿಯಾದ ಸೂತ್ರವೊಂದುಂಟು. ಯಾವ ಕೊಠಡಿಯಲ್ಲಿ ಯಾರು ಎಲ್ಲರಿಗಿಂತ ಹೆಚ್ಚು ಹೊತ್ತು ಇರುತ್ತಾರೋ, ಯಾರಿಗೆ ಅಲ್ಲಿಂದ ಎದ್ದು ಹೋಗುವ ಸ್ವಾತಂತ್ರ್ಯ ಎಲ್ಲರಿಗಿಂತ ಕಡಮೆಯೋ, ಅವರೇ ಆ ಕೊಠಡಿಗೆ ಅಳತೆಗೋಲು. ಹಸುಳೆ, ರೋಗಿ, ಮುದುಕರು, ಅಡಿಗೆಯವಳು: ಇವರನ್ನು ಕೇಳದೆ ಮಾಡಿದ ಅಲಂಕಾರವು ಎಷ್ಟು ದುಬಾರಿಯಾದರೂ ಗಾಜಿನ ಬುರುಡೆಯೊಳಗಿನ ಮೇಣದ ಹಣ್ಣಿನಂತೆಯೇ.

ನಮ್ಮ ನಾಡಿನಲ್ಲಿಯೂ ಈ ದಾರಿಯಲ್ಲಿ ನಡೆದವರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಲೆಂದು 'ಅಸ್ತ್ರ' ಎಂಬ ವಿಭಾಗವು ಹುಟ್ಟಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯು ೧೯೮೦ರ ದಶಕದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳನ್ನು ಮುಟ್ಟಿತು. ಸೌದೆಯೂ ಉಳಿಯಿತು, ಹೊಗೆಯೂ ಹೊರಗೆ ಹೋಯಿತು. ಅದನ್ನು ಯಾರೂ ಅಲಂಕಾರವೆಂದು ಕರೆಯಲಾರರು. ಆದರೆ ಮಸಿಯಿಲ್ಲದ ಗೋಡೆಗಿಂತ ದೊಡ್ಡ ಅಲಂಕಾರ ಅಡಿಗೆಮನೆಗೆ ಯಾವುದುಂಟು?

ನಮ್ಮ ಅಜ್ಜಿಯ ಪಾಲಿಗೆ ಆ ಒಲೆ ಬರಲಿಲ್ಲ. ಅವರ ಕೊನೆಗಾಲದಲ್ಲಿ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ, ನಮ್ಮ ಸೋದರಮಾವನವರು ಒಲೆಯ ನೇರಕ್ಕೆ ಎರಡು ಹೆಂಚು ತೆಗೆದು ಎರಡು ಗಾಜಿನ ಹೆಂಚು ಹಾಕಿಸಿದರು. ಅದಕ್ಕೆ ತಗಲಿದ ಹಣ ಪಡಸಾಲೆಯ ಕನ್ನಡಿಯ ಚೌಕಟ್ಟಿಗೂ ಸಾಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಒಳಗೆ ಹೋದಾಗ, ಮೇಲಿನಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಅಜ್ಜಿ ಮೊರವನ್ನು ಹಿಡಿದು ಕೂತಿದ್ದರು. "ಅಕ್ಕಿಯಲ್ಲಿನ ಕಲ್ಲು ಈಗ ಕಾಣಿಸುತ್ತದೆ, ಮಗು" ಎಂದರು. ಅಷ್ಟು ವರ್ಷ ಅವರು ಕಲ್ಲನ್ನು ಬೆರಳಿನಿಂದ ತಡವಿಯೇ ಆರಿಸುತ್ತಿದ್ದರೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಈ ಮಾತು ಮುಗಿದಮೇಲೆ ನಿಮ್ಮ ಮನೆಯೊಳಗೆ ಒಮ್ಮೆ ನಡೆದು ನೋಡಿರಿ. ಎಲ್ಲಕ್ಕಿಂತ ಕತ್ತಲೆಯಾದ ಕೊಠಡಿ ಯಾವುದು, ಅಲ್ಲಿ ಯಾರಿರುತ್ತಾರೆ ಎಂಬುದನ್ನು ಗಮನಿಸಿರಿ. ಸಜ್ಜುಗೊಳಿಸುವ ಕೆಲಸವನ್ನು ಅಲ್ಲಿಂದ ಮೊದಲುಮಾಡಿದರೆ ಪಡಸಾಲೆಯ ಸೊಗಸು ತಾನಾಗಿಯೇ ಬರುತ್ತದೆ.